ಒಂದು ದವಡೆ ಹಲ್ಲಿನ ಲೆಕ್ಕ

2022ರ ತಪಸ್ಸುಕಾಲದ ಒಂದು ಸಂಜೆ. ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿಸಿ ನಾವು ಹಿಂದಿರುಗುವಾಗ ಗುರುಗಳ ನಿವಾಸದ ಜಗಲಿಯಲ್ಲಿ ನಮ್ಮ ಧರ್ಮಕೇಂದ್ರದ ಓರ್ವ ವಿಧವೆ ಕಾದು ಕುಳಿತಿದ್ದರು. ಅರುವತ್ತರ ಆಸುಪಾಸಿನ ವಯಸ್ಸು. ನಾಲ್ಕಾರು ಮನೆಗಳಲ್ಲಿ ಅಡುಗೆ ಕೆಲಸ ಮಾಡಿ ಬದುಕು ಸಾಗಿಸುವವರು. ಎಡಗೆನ್ನೆಗೆ ಸೆರಗನ್ನೊತ್ತಿ ಹಿಡಿದಿದ್ದರು. ಯಾರ ಮೇಲೂ ದೂರು ಹೇಳಿ ಅಭ್ಯಾಸವಿಲ್ಲದ ಈ ಬಾಯಮ್ಮನವರು ಅಂದು ಅರ್ಧ ಗಂಟೆ ಮಾತನಾಡಿದರು.

ನಡೆದುದಿಷ್ಟು. ಫೆಬ್ರವರಿ ತಿಂಗಳಲ್ಲಿ ಕೆಳದವಡೆಯ ಎಡಬದಿಯ ಹಿಂದಿನ ಹಲ್ಲಿನಲ್ಲಿ ತಡೆಯಲಾರದ ನೋವು ಕಾಣಿಸಿಕೊಂಡಿತು. ಪೇಟೆಯ ಒಂದು ದಂತ ಚಿಕಿತ್ಸಾಲಯಕ್ಕೆ ಹೋದರು. ಎಕ್ಸ್‌ರೇ ತೆಗೆದು, ಹಲ್ಲು ಪೂರ್ತಿ ಹುಳುಕಾಗಿದೆ, ಕೀಳಲೇಬೇಕು ಎಂದರು. ಅರಿವಳಿಕೆ ಚುಚ್ಚಿ ಹಲ್ಲು ಕಿತ್ತರು. ಮನೆಗೆ ಬಂದು ಮದ್ದಿನ ಅಮಲು ಇಳಿದ ಮೇಲೆ ನೋವು ಇದ್ದಲ್ಲಿಯೇ ಇತ್ತು. ಎರಡು ದಿನ ಕಳೆದು ಮತ್ತೆ ಹೋದರೆ, "ಸೋಂಕು ಪಕ್ಕದ ಹಲ್ಲಿಗೂ ಹರಡಿದೆ" ಎಂದು ಹೇಳಿ ಅದನ್ನೂ ಕಿತ್ತರು. ಆಗ ನೋವು ನಿಂತಿತು. ಎರಡು ಹಲ್ಲಿಗೂ ಬೇರೆ ಬೇರೆ ಹಣ ತೆತ್ತು ಬಂದರು. ಬಲಬದಿಯ ದವಡೆ ಹಲ್ಲುಗಳನ್ನು ಅವರು ಎಷ್ಟೋ ವರ್ಷಗಳ ಹಿಂದೆಯೇ ಕಳೆದುಕೊಂಡಿದ್ದರು. ಅಗಿಯುವುದಕ್ಕೆ ಉಳಿದಿದ್ದುದು ಎಡಬದಿಯೊಂದೇ. ಈಗ ಅದೂ ಇಲ್ಲವಾಯಿತು.

"ಮೊದಲು ಕಿತ್ತ ಹಲ್ಲಿಗೆ ಎಂತ ಆಗಿತ್ತು ಫಾದರ್? ಅದರಲ್ಲಿ ನನಗೆ ನೋವೇ ಇರಲಿಲ್ಲ. ಕೇಳಿದ್ದಕ್ಕೆ ಅವರು ಸರಿಯಾಗಿ ಹೇಳಲಿಲ್ಲ" ಎಂದರು.

ನಾವು ಕೊಟ್ಟ ಉತ್ತರವನ್ನು ಮರೆಮಾಚದೆ ಬರೆಯುತ್ತೇವೆ. "ಡಾಕ್ಟರೂ ಮನುಷ್ಯರೇ ಅಲ್ಲವೇ ಬಾಯಮ್ಮ, ತಪ್ಪು ಯಾರಿಂದಲೂ ಆಗುತ್ತದೆ. ಇದು ತಪಸ್ಸುಕಾಲ. ಕ್ಷಮಿಸಿ ಬಿಡಿ" ಎಂದೆವು. ಅವರು ತಲೆಯಾಡಿಸಿ ಎದ್ದುಹೋದರು. ಮೈಗೆ ಮುಳ್ಳು ತಾಗದ ನಾವು, ತಾಗಿದವರ ಪರವಾಗಿ ಕ್ಷಮೆಯನ್ನು ಎಷ್ಟು ಸಲೀಸಾಗಿ ಹಂಚಿಬಿಟ್ಟೆವು ಎಂಬುದು ನಮಗೆ ಹೊಳೆದದ್ದು ಸುಮಾರು ಇಪ್ಪತ್ತು ತಿಂಗಳು ಕಳೆದ ಮೇಲೆ.

2023ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ ಕುಸ್ವಾರಿನ ತಟ್ಟೆಯನ್ನು ಅವರ ಮುಂದಿಟ್ಟಾಗ, ಅವರು ಕಿಡಿಯೊವನ್ನು ಬದಿಗೆ ಸರಿಸಿ ಮೆತ್ತಗಿನ ತಿಂಡಿಯನ್ನೇ ಹುಡುಕುತ್ತಿದ್ದುದು ನಮ್ಮ ಕಣ್ಣಿಗೆ ಬಿತ್ತು. ವಿಚಾರಿಸಲಾಗಿ, ಕುಚ್ಚಲಕ್ಕಿ ಅನ್ನವನ್ನು ಗಂಜಿ ಮಾಡಿಯೇ ಉಣ್ಣುತ್ತಿರುವುದಾಗಿಯೂ, ಒಣಮೀನು ಬಿಟ್ಟು ಎರಡು ವರ್ಷವಾಗುತ್ತ ಬಂದಿತೆಂದೂ ಹೇಳಿದರು. ಒಂದು ದಂತ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ ಕಟ್ಟುಹಲ್ಲು ಮಾಡಿಸಲು ಕೇಳಿದಾಗ ಅಲ್ಲಿನ ಹಿರಿಯ ವೈದ್ಯರು ಹಳೆಯ ಎಕ್ಸ್‌ರೇ ಪಟವನ್ನು ಬೆಳಕಿಗೆ ಹಿಡಿದು ನೋಡಿ, "ಮುಂದಿನ ಹಲ್ಲು ಗಟ್ಟಿಯಾಗಿಯೇ ಇತ್ತಲ್ಲ, ಅದನ್ನೇಕೆ ಕಿತ್ತರು?" ಎಂದು ಕೇಳಿದರಂತೆ. ಪುಣ್ಯವಶಾತ್ ಆ ಪಟವನ್ನೂ ಎರಡು ಬಿಲ್ಲುಗಳನ್ನೂ ಅವರು ಬಿಸ್ಕತ್ತಿನ ಹಳೆಯ ಡಬ್ಬಿಯೊಂದರಲ್ಲಿ ಇಟ್ಟುಕೊಂಡಿದ್ದರು.

ನಮ್ಮ ಪರಿಚಯದ ವಕೀಲರೊಬ್ಬರನ್ನು ಅಂದೇ ಸಂಪರ್ಕಿಸಿದೆವು. ಅವರು ಮೊದಲು ಕೇಳಿದ ಪ್ರಶ್ನೆ ದಿನಾಂಕದ್ದು. ಗ್ರಾಹಕರ ದೂರನ್ನು ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ಸಲ್ಲಿಸತಕ್ಕದ್ದು. ವಿಳಂಬಕ್ಕೆ ತಕ್ಕ ಕಾರಣ ತೋರಿಸಿದರೆ ಆಯೋಗವು ಅದನ್ನು ಮನ್ನಿಸಬಹುದಾದರೂ, "ನಮ್ಮ ಧರ್ಮಗುರುಗಳು ಬೇಡವೆಂದರು" ಎಂಬ ಕಾರಣವನ್ನು ಯಾವ ಆಯೋಗ ಒಪ್ಪೀತು! ಉಳಿದಿದ್ದುದು ಎರಡು ತಿಂಗಳಿಗೂ ಕಡಿಮೆ ಅವಧಿ. ನಮ್ಮ ಒಂದು ಸದುಪದೇಶವು ಆ ಬಡ ಹೆಂಗಸಿನ ಹಕ್ಕಿನ ಆಯುಷ್ಯವನ್ನೆಲ್ಲ ತಿಂದುಹಾಕಿತ್ತು.

ಹಲ್ಲಿನಂಥ ಸಣ್ಣ ವಿಷಯಕ್ಕೆ ನ್ಯಾಯಾಲಯವೇ ಎಂದು ಹುಬ್ಬೇರಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಕಾನೂನು ಅದನ್ನು ಸಣ್ಣದೆಂದು ಎಂದೂ ಎಣಿಸಿಲ್ಲ. ಹಿಂದಿನ ಭಾರತೀಯ ದಂಡ ಸಂಹಿತೆಯ 320ನೆಯ ಕಲಮು ತೀವ್ರ ಗಾಯಗಳ ಪಟ್ಟಿಯಲ್ಲಿ ಮೂಳೆಯ ಜೊತೆಯಲ್ಲಿಯೇ ಹಲ್ಲನ್ನೂ ಸೇರಿಸಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ತನ್ನ 116ನೆಯ ಕಲಮಿನಲ್ಲಿ ಅದನ್ನು ಹಾಗೆಯೇ ಉಳಿಸಿಕೊಂಡಿದೆ. ಪುರಾತನರ ಎಣಿಕೆಯೂ ಬೇರೆಯಲ್ಲ. ಬಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನದಲ್ಲಿ ಸರಿಸಮಾನನ ಹಲ್ಲು ಮುರಿದವನ ಹಲ್ಲನ್ನೇ ಮುರಿಯಬೇಕು. ಕೆಳದರ್ಜೆಯವನ ಹಲ್ಲಾದರೆ ಮೂರನೆಯ ಒಂದು ಮಿನಾ ಬೆಳ್ಳಿ ತೆತ್ತರೆ ಸಾಕು. ಅಂದರೆ ಬಡವನ ಹಲ್ಲಿಗೆ ದರ ಕಟ್ಟುವ ವಾಡಿಕೆ ಸುಮಾರು 3700 ವರ್ಷಗಳಷ್ಟು ಹಳೆಯದು. ಆದರೆ ವಿಮೋಚನಾಕಾಂಡದ 21ನೆಯ ಅಧ್ಯಾಯವು ಇನ್ನೊಂದು ದಾರಿ ಹಿಡಿಯುತ್ತದೆ. 'ಹಲ್ಲಿಗೆ ಹಲ್ಲು' ಎಂಬ ವಿಧಿ ಎಲ್ಲರಿಗೂ ಗೊತ್ತು. ಅದಾಗಿ ಮೂರೇ ವಚನಗಳ ಕೆಳಗೆ, ಒಡೆಯನು ತನ್ನ ಗುಲಾಮನ ಇಲ್ಲವೇ ದಾಸಿಯ ಹಲ್ಲನ್ನು ಉದುರಿಸಿದರೆ ಆ ಹಲ್ಲಿನ ನಿಮಿತ್ತ ಅವರನ್ನು ಬಿಡುಗಡೆ ಮಾಡತಕ್ಕದ್ದೆಂಬ ವಿಧಿಯಿರುವುದನ್ನು ಬಲ್ಲವರು ಕಡಿಮೆ. ಅಲ್ಲಿ ಒಂದು ಹಲ್ಲಿನ ಬೆಲೆ ಒಬ್ಬ ಮನುಷ್ಯನ ಸ್ವಾತಂತ್ರ್ಯ.

ಇನ್ನು ನಮ್ಮ ಕಾಲದ ಕಾನೂನಿಗೆ ಬರೋಣ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ವೈದ್ಯರ ಸೇವೆ ಬರುತ್ತದೆಯೇ ಎಂಬ ವಿವಾದ ಬಹುಕಾಲ ನಡೆಯಿತು. ವೈದ್ಯ ಮತ್ತು ರೋಗಿಯ ಸಂಬಂಧ ವ್ಯಾಪಾರದ್ದಲ್ಲ, ನಂಬಿಕೆಯದು ಎಂಬುದು ವೈದ್ಯರ ವಾದ. ಇದರಲ್ಲಿ ತಿರುಳಿಲ್ಲವೆನ್ನಲಾಗದು. ಆದರೆ 1995ರ ನವೆಂಬರ್ 13ರಂದು ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಈ ಕಾಯ್ದೆಯ ವ್ಯಾಪ್ತಿಗೆ ಸೇರುತ್ತದೆಂದು ತೀರ್ಪಿತ್ತಿತು. ದಂತವೈದ್ಯರೂ ಅದರೊಳಗೇ ಬಂದರು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಹೊಸ ಕಾಯ್ದೆಯಲ್ಲಿ ವೈದ್ಯಸೇವೆಯನ್ನು ಹೆಸರಿಸಿಲ್ಲವೆಂಬ ನೆಪದ ಮೇಲೆ ಪ್ರಶ್ನೆ ಮತ್ತೆ ತಲೆಯೆತ್ತಿತು; 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು.

ಹಿಂದೆ 'ವೇದಿಕೆ' ಎನಿಸಿಕೊಳ್ಳುತ್ತಿದ್ದುದು ಈಗ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಸೇವೆಗೆ ತೆತ್ತ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿಯೇ ದೂರು ಕೊಡಬಹುದು. ತೆತ್ತ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಹಲ್ಲಿನ ವಿಷಯದಲ್ಲಿ ಬಹುತೇಕ ಎಲ್ಲರೂ ಈ ಮಿತಿಯೊಳಗೇ ಬರುತ್ತಾರೆ. ವೈದ್ಯರು ಬೇರೆ ಊರಿನವರಾದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡುವ ಅನುಕೂಲವನ್ನು ಹೊಸ ಕಾಯ್ದೆ ಕಲ್ಪಿಸಿದೆ. ವಕೀಲರು ಇರಲೇಬೇಕೆಂದಿಲ್ಲ. ದೂರನ್ನು ಮೂರು ತಿಂಗಳಲ್ಲಿ ಇತ್ಯರ್ಥಪಡಿಸುವುದು ಕಾಯ್ದೆಯ ಆಶಯ. ಆಶಯಕ್ಕೂ ಆಚರಣೆಗೂ ನಡುವಣ ಅಂತರವನ್ನು ಧರ್ಮಗುರುಗಳಾದ ನಾವು ವಕೀಲರಿಗೆ ಕಲಿಸಬೇಕಾಗಿಲ್ಲ.

ಹಾಗಾದರೆ ಯಾವುದು ನಿರ್ಲಕ್ಷ್ಯ? ಇಲ್ಲಿಯೇ ನಮ್ಮ ಜನರು ಎಡವುವುದು. ಚಿಕಿತ್ಸೆ ಫಲಿಸದಿರುವುದೆಲ್ಲ ನಿರ್ಲಕ್ಷ್ಯವಲ್ಲ. ಆ ವೃತ್ತಿಯ ಒಬ್ಬ ಸಾಧಾರಣ ನಿಪುಣನು ಅದೇ ಸನ್ನಿವೇಶದಲ್ಲಿ ವಹಿಸಬಹುದಾದ ಎಚ್ಚರವನ್ನು ಇವನು ವಹಿಸಿದನೇ ಎಂಬುದೇ ಅಳತೆಗೋಲು. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ವಿಶದಪಡಿಸಿ, ವೈದ್ಯನನ್ನು ಕ್ರಿಮಿನಲ್ ಅಪರಾಧಿಯನ್ನಾಗಿಸಲು ಘೋರ ನಿರ್ಲಕ್ಷ್ಯವೇ ಸಾಬೀತಾಗಬೇಕೆಂದೂ ಹೇಳಿತು. ಆದುದರಿಂದ ಹಲ್ಲುನೋವಿನ ಸಿಟ್ಟಿನಲ್ಲಿ ಪೊಲೀಸು ಠಾಣೆಯ ಮೆಟ್ಟಿಲೇರುವುದು ವಿವೇಕವಲ್ಲ.

ಕೆಳದವಡೆಯ ಬುದ್ಧಿಹಲ್ಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಬೇರಿನ ಬುಡದಲ್ಲಿಯೇ ತುಟಿ ಹಾಗೂ ಗಲ್ಲಕ್ಕೆ ಸಂವೇದನೆ ನೀಡುವ ನರ ಹಾದುಹೋಗುತ್ತದೆ. ಒಳಬದಿಯಲ್ಲಿ ನಾಲಗೆಯ ನರವಿದೆ. ಎಷ್ಟೇ ಎಚ್ಚರದಿಂದ ಕಿತ್ತರೂ ಕೆಲವರಿಗೆ ತುಟಿ ಮರಗಟ್ಟುವುದುಂಟು, ಹೆಚ್ಚಿನವರಲ್ಲಿ ಅದು ಕಾಲಕ್ರಮೇಣ ಸರಿಹೋಗುವುದುಂಟು. ಮರಗಟ್ಟಿತೆಂಬ ಒಂದೇ ಕಾರಣಕ್ಕೆ ವೈದ್ಯನು ತಪ್ಪಿತಸ್ಥನಾಗುವುದಿಲ್ಲ. ಆದರೆ ಎಕ್ಸ್‌ರೇ ತೆಗೆಯದೆ, ಬೇರು ನರಕ್ಕೆಷ್ಟು ಹತ್ತಿರವಿದೆಯೆಂದು ನೋಡದೆ, ಹೀಗಾಗುವ ಸಂಭವವಿದೆಯೆಂದು ರೋಗಿಗೆ ಮೊದಲೇ ತಿಳಿಸದೆ ಕಿತ್ತಿದ್ದರೆ ಮಾತು ಬೇರೆ. ರೋಗಿಯ ಒಪ್ಪಿಗೆ ಎಂದರೆ ಅರಿತು ಕೊಟ್ಟ ಒಪ್ಪಿಗೆ, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು ಎಂಬುದನ್ನು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒತ್ತಿಹೇಳಿದೆ. ಅಂತೆಯೇ, ರೂಟ್ ಕೆನಾಲ್ ಮಾಡುವಾಗ ಕೂದಲೆಳೆಯಷ್ಟು ಸಪೂರವಾದ ಅರದ ತುದಿ ಬೇರಿನೊಳಗೆ ಮುರಿದು ಉಳಿಯುವುದು ನುರಿತ ಕೈಯಲ್ಲಿಯೂ ಸಂಭವಿಸುತ್ತದೆ. ಅದನ್ನು ರೋಗಿಗೆ ತಿಳಿಸದೆ ಮೇಲೆ ಸಿಮೆಂಟು ತುಂಬಿ ಕಳುಹಿಸುವುದು ಮಾತ್ರ ಮೋಸ.

ನಮ್ಮ ಧರ್ಮಕೇಂದ್ರದ ಓರ್ವ ಶಿಕ್ಷಕರು, ಬಾಯಮ್ಮನವರ ಸುದ್ದಿ ಕೇಳಿ, ತಾವೂ ದೂರು ಕೊಡುವುದಾಗಿ ಉತ್ಸಾಹದಿಂದ ಬಂದರು. ರೂಟ್ ಕೆನಾಲ್ ಮಾಡಿಸಿದ ಹಲ್ಲು ಕೆಲವೇ ತಿಂಗಳಲ್ಲಿ ಸೀಳಿಹೋಗಿತ್ತು. ಚೀಟಿ ತರಿಸಿ ನೋಡಿದೆವು. 'ಕ್ಯಾಪ್ ಹಾಕಿಸತಕ್ಕದ್ದು' ಎಂದು ವೈದ್ಯರು ಬರೆದಿದ್ದರು. ಖರ್ಚಿಗೆ ಹಿಂಜರಿದು ಇವರು ಮತ್ತೆ ಅತ್ತ ಸುಳಿದಿರಲಿಲ್ಲ. ಒಳಗಿನ ಜೀವ ತೆಗೆದ ದವಡೆ ಹಲ್ಲು ಕ್ಯಾಪಿಲ್ಲದೆ ಬಹುದಿನ ತಾಳಲಾರದು. "ಮಾಸ್ಟ್ರೇ, ಇಲ್ಲಿ ನಿರ್ಲಕ್ಷ್ಯ ಯಾರದು?" ಎಂದು ಕೇಳಿದೆವು. ನಕ್ಕು ಹೊರಟುಹೋದರು. ಆ ಬಳಿಕವೂ ಅವರು ಕ್ಯಾಪ್ ಹಾಕಿಸಿದಂತಿಲ್ಲ.

ಬಾಯಮ್ಮನವರ ಪ್ರಕರಣದ ಸ್ವರೂಪ ಇದಕ್ಕಿಂತ ಭಿನ್ನವಾಗಿತ್ತು. ಅದನ್ನು ತಿಳಿಯಲು ಹಲ್ಲುಗಳ ಲೆಕ್ಕವನ್ನು ಸ್ವಲ್ಪ ಅರಿಯಬೇಕು. ದಂತವೈದ್ಯರು ಪ್ರತಿಯೊಂದು ಹಲ್ಲಿಗೂ ಎರಡಂಕಿಯ ಸಂಖ್ಯೆ ಕೊಡುತ್ತಾರೆ. ಬಾಯಿಯನ್ನು ನಾಲ್ಕು ಪಾಲು ಮಾಡಿದರೆ ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಎಡ ಬಲಗಳು ರೋಗಿಯವು, ಎದುರು ನಿಂತವರವಲ್ಲ. ಎರಡನೆಯ ಅಂಕಿ ಮಧ್ಯದ ಹಲ್ಲಿನಿಂದ ಹಿಂದಕ್ಕೆ ಎಣಿಸಿದ್ದು, ಒಂದರಿಂದ ಎಂಟರವರೆಗೆ. ಹೀಗೆ ನಾಲ್ಕೆಂಟಲೆ 32. ಈ ಕ್ರಮದಲ್ಲಿ 37 ಎಂದರೆ ಕೆಳಗಿನ ಎಡಬದಿಯ ಏಳನೆಯ ಹಲ್ಲು, 36 ಎಂದರೆ ಅದರ ಮುಂದಿನದು. ಒಂದೇ ಒಂದು ಅಂಕಿಯ ವ್ಯತ್ಯಾಸ. ಅರಿವಳಿಕೆ ಕೊಟ್ಟ ಮೇಲೆ ರೋಗಿಗೆ ಎರಡೂ ಒಂದೇ. ತಪ್ಪುತ್ತಿದೆಯೆಂದು ಕೂಗಿ ಹೇಳಲು ನೋವೂ ಉಳಿದಿರುವುದಿಲ್ಲ. ಆದುದರಿಂದಲೇ ಇಕ್ಕಳ ಹಿಡಿಯುವ ಮುನ್ನ ಪಟವನ್ನೂ ಚೀಟಿಯನ್ನೂ ಬಾಯಿಯನ್ನೂ ಮತ್ತೊಮ್ಮೆ ತಾಳೆ ನೋಡುವ ಕರ್ತವ್ಯ ವೈದ್ಯನ ಮೇಲಿದೆ.

ವಕೀಲರ ಸಲಹೆಯಂತೆ ನಾವು ಮೊದಲು ಪರಿಹಾರವನ್ನು ಕೇಳಲಿಲ್ಲ, ದಾಖಲೆಯನ್ನು ಕೇಳಿದೆವು. ದಂತವೈದ್ಯರು ರೋಗಿಯ ದಾಖಲೆಗಳನ್ನು ಕನಿಷ್ಠ ಮೂರು ವರ್ಷ ಕಾಪಾಡಬೇಕೆಂಬ ನಿಯಮವಿದೆ. ಬಾಯಮ್ಮನವರು ಹೆಬ್ಬೆಟ್ಟೊತ್ತುವವರಲ್ಲ, ಐದನೆಯ ತರಗತಿ ಓದಿದವರು. ನಾವು ಬರೆದ ಅರ್ಜಿಗೆ ತಾವೇ ಸಹಿ ಹಾಕಿ, ನೋಂದಾಯಿತ ಅಂಚೆಯಲ್ಲಿ ಕಳುಹಿಸಿದರು. ಹತ್ತು ದಿನಗಳಲ್ಲಿ ಕೇಸ್ ಶೀಟಿನ ಪ್ರತಿ ಬಂತು. ಮೊದಲ ದಿನದ ಸಾಲಿನಲ್ಲಿ 37 ಎಂದು ಸ್ಪಷ್ಟವಾಗಿ ಬರೆದಿತ್ತು. ಎರಡು ದಿನಗಳ ಅನಂತರದ ಸಾಲಿನಲ್ಲಿಯೂ 37 ಎಂದೇ ಬರೆದಿತ್ತು. 36ರ ಉಲ್ಲೇಖ ಆ ಹಾಳೆಯಲ್ಲೆಲ್ಲಿಯೂ ಇರಲಿಲ್ಲ. ಅಂದರೆ ದಾಖಲೆಯ ಪ್ರಕಾರ ಒಂದೇ ಹಲ್ಲನ್ನು ಎರಡು ಬಾರಿ ಕಿತ್ತಿದ್ದರು!

ಇಂಥ ಸಂದರ್ಭದಲ್ಲಿ ಸಂಗತಿಯೇ ಸಾಕ್ಷಿ ನುಡಿಯುತ್ತದೆ. ವೈದ್ಯಕೀಯ ಪ್ರಕರಣಗಳಲ್ಲೆಲ್ಲ ತಜ್ಞರ ಅಭಿಪ್ರಾಯ ಬೇಕೇ ಬೇಕೆಂದಿಲ್ಲವೆಂದು ಸುಪ್ರೀಂ ಕೋರ್ಟು 2010ರ ವಿ. ಕಿಶನ್ ರಾವ್ ಪ್ರಕರಣದಲ್ಲಿ ಹೇಳಿದೆ. ಆದರೆ ನರದ ಗಾಯದಂಥ ಸೂಕ್ಷ್ಮ ವಿಷಯವಾದರೆ ಇನ್ನೊಬ್ಬ ದಂತವೈದ್ಯರ ಲಿಖಿತ ಅಭಿಪ್ರಾಯವಿಲ್ಲದೆ ದೂರು ನಿಲ್ಲುವುದು ಕಷ್ಟ. ಒಬ್ಬ ವೈದ್ಯನು ಇನ್ನೊಬ್ಬನ ವಿರುದ್ಧ ಬರೆದುಕೊಡಲು ಹಿಂಜರಿಯುತ್ತಾನೆ. ನಮ್ಮ ಗುರುವರ್ಗದಲ್ಲಿಯೂ ಈ ದೌರ್ಬಲ್ಯ ಇಲ್ಲದಿಲ್ಲವಾದುದರಿಂದ ಹೆಚ್ಚು ಹೇಳಲಾರೆವು. ವೃತ್ತಿಯ ಶಿಸ್ತಿಗಾಗಿ ರಾಜ್ಯ ದಂತವೈದ್ಯ ಪರಿಷತ್ತಿಗೂ ದೂರು ಕೊಡಬಹುದು. ಆದರೆ ಅದು ವೈದ್ಯನ ನೋಂದಣಿಯ ಮೇಲೆ ಕ್ರಮ ಜರುಗಿಸಬಲ್ಲುದೇ ಹೊರತು ರೋಗಿಗೆ ಹಣ ಕೊಡಿಸಲಾರದು.

ನಮ್ಮ ಸಭಾಭವನಗಳಲ್ಲಿ ವರ್ಷಕ್ಕೊಮ್ಮೆ ಉಚಿತ ದಂತ ಶಿಬಿರಗಳು ಜರಗುತ್ತವೆ. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ದೊರಕುವ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತ ನೀಡುವ ಆಸ್ಪತ್ರೆಯಾದರೆ ಉಚಿತ ಪಡೆದವರೂ ಗ್ರಾಹಕರೇ. ಶಿಬಿರ ಏರ್ಪಡಿಸುವವರು ಯಾರ ಯಾವ ಹಲ್ಲನ್ನು ಯಾರು ಕಿತ್ತರೆಂಬ ಪುಸ್ತಕವನ್ನಾದರೂ ಇಡಬೇಕು. ನಮ್ಮ ಕಳೆದ ಶಿಬಿರದ ವರದಿಯಲ್ಲಿ ಅತಿಥಿಗಳ ಹೆಸರುಗಳೆಲ್ಲ ಇದ್ದುವು, ಹಲ್ಲು ಕಳೆದುಕೊಂಡವರ ಹೆಸರುಗಳಿರಲಿಲ್ಲ.

2024ರ ಜನವರಿಯಲ್ಲಿ ದೂರು ಆಯೋಗದ ಮುಂದೆ ಬಂತು. ಅದನ್ನು ಸಲ್ಲಿಸುವ ಹಿಂದಿನ ದಿನ ಬಾಯಮ್ಮನವರು ನಮ್ಮಲ್ಲಿಗೆ ಬಂದು, "ಇದು ಸೇಡು ತೀರಿಸಿದ ಹಾಗೆ ಆಗುತ್ತದಾ ಫಾದರ್? ನೀವೇ ಅಂದು ಕ್ಷಮಿಸಲಿಕ್ಕೆ ಹೇಳಿದ್ದು" ಎಂದು ಕೇಳಿದರು. ನಮ್ಮ ಬಾಣ ನಮಗೇ ತಿರುಗಿ ಬಂದಿತ್ತು. ಸೆಮಿನರಿಯಲ್ಲಿ ಅರಿಸ್ಟಾಟಲನ ನೀತಿಶಾಸ್ತ್ರದ ಐದನೆಯ ಸಂಪುಟವನ್ನು ಓದಿ, ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ಪಡೆದಿದ್ದೆವು. ಒಬ್ಬನಿಂದ ಇನ್ನೊಬ್ಬನಿಗೆ ನಷ್ಟವಾದಾಗ ನ್ಯಾಯಾಧೀಶನು ನೋಡಬೇಕಾದುದು ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂಬುದನ್ನಲ್ಲ, ಕೆಟ್ಟುಹೋದ ಸಮತೋಲವನ್ನು ಎಂಬುದು ಅಲ್ಲಿನ ವಿಚಾರ. ಸಂತ ತೋಮಸ್ ಅಕ್ವಿನಾಸರು ಇದನ್ನೇ ಮುಂದುವರಿಸಿ, ಕಳೆದುದನ್ನು ಮರಳಿ ಕೊಡುವುದು ನ್ಯಾಯದ ಕಾರ್ಯವೆಂದೂ, ಕೈ ಕಾಲಿನಂತೆ ಯಥಾವತ್ತಾಗಿ ಮರಳಿಸಲಾಗದ್ದಾದರೆ ಸಾಧ್ಯವಾದ ಮಟ್ಟಿಗೆ ಹಣದಿಂದಲೋ ಗೌರವದಿಂದಲೋ ತುಂಬಬೇಕೆಂದೂ ವಿವರಿಸಿದ್ದಾರೆ. ಸೇಡು ಬಯಸುವವನು ಎದುರಾಳಿಯ ಬಾಯಿಯನ್ನು ನೋಡುತ್ತಾನೆ. ಪರಿಹಾರ ಕೇಳುವವನು ತನ್ನ ಬಾಯಿಯ ಖಾಲಿ ಜಾಗವನ್ನು ತೋರಿಸುತ್ತಾನೆ. ಇಷ್ಟನ್ನು ನಾವು 2022ರಲ್ಲಿಯೇ ಹೇಳಬೇಕಿತ್ತು. ತಪ್ಪನ್ನು ತಪ್ಪೆಂದು ಯಾರೂ ಒಪ್ಪದೆ ಇರುವಾಗ ಆ ಹೆಂಗಸು ಕ್ಷಮಿಸಬೇಕಾಗಿದ್ದುದಾದರೂ ಯಾವುದನ್ನು?

ಅವರಿಗೆ ಇಷ್ಟೆಲ್ಲ ಹೇಳಲಿಲ್ಲ. "ಅಂದು ನಾನು ಹೇಳಿದ್ದು ತಪ್ಪು ಬಾಯಮ್ಮ" ಎಂದೆವು. ಅವರು ನಮ್ಮನ್ನೊಮ್ಮೆ ನೋಡಿ, ಏನೂ ಹೇಳದೆ ದೂರಿನ ಪ್ರತಿಗಳಿಗೆ ಸಹಿ ಹಾಕಿದರು.

ವೈದ್ಯರ ಕುರಿತೂ ಎರಡು ಮಾತು ಹೇಳುವುದು ನ್ಯಾಯ. ಅವರು ತರುಣರು, ಸಾಲ ಮಾಡಿ ಚಿಕಿತ್ಸಾಲಯ ತೆರೆದವರು. ದೂರು ಕೊಟ್ಟರೆ ಅವರ ಅನ್ನಕ್ಕೆ ಕಲ್ಲು ಬಿದ್ದೀತೆಂದು ಬಾಯಮ್ಮನವರೇ ಮರುಗಿದ್ದರು. ಇಂಥ ಸಂದರ್ಭಗಳಿಗೆಂದೇ ವೈದ್ಯರು ವೃತ್ತಿ ಹೊಣೆಗಾರಿಕೆಯ ವಿಮೆ ಮಾಡಿಸಿರುತ್ತಾರೆಂಬುದು ನಮ್ಮ ಜನರಿಗೆ ತಿಳಿದಿಲ್ಲ. ವಿಮಾ ಕಂಪೆನಿಯ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಳ್ಳಬಾರದೆಂಬ ಷರತ್ತು ಸಾಮಾನ್ಯವಾಗಿ ಆ ಪಾಲಿಸಿಗಳಲ್ಲಿರುತ್ತದೆ. ಹಲ್ಲು ಕಳೆದುಕೊಂಡವರಿಗೆ ಕಲ್ಲಿನಂತೆ ಕಾಣುವ ವೈದ್ಯರ ಮೌನದ ಹಿಂದೆ ಎಷ್ಟೋ ಸಲ ಇರುವುದು ಈ ಕಾಗದ. ಈ ಷರತ್ತನ್ನು ಬರೆದವರು ಮನುಷ್ಯರ ನಡುವೆ ಬಾಳಿದವರೋ ಅಲ್ಲವೋ ನಾವರಿಯೆವು.

ಎದುರುದಾರರ ಉತ್ತರ ಬರಲು 45 ದಿನಗಳ ಗಡುವಿದೆ. ಆ ಉತ್ತರದಲ್ಲಿ ಎಲ್ಲವನ್ನೂ ನಿರಾಕರಿಸಲಾಗಿತ್ತು. ಬಳಿಕ ದಂತ ಮಹಾವಿದ್ಯಾಲಯದ ಹಿರಿಯ ವೈದ್ಯರು, ನಾವು ಎರಡು ಬಾರಿ ಹೋಗಿ ಕೇಳಿದ ಮೇಲೆ, ಎಕ್ಸ್‌ರೇ ಪಟದಲ್ಲಿ ಕಾಣುವುದನ್ನು ನಾಲ್ಕು ಸಾಲುಗಳಲ್ಲಿ ಬರೆದುಕೊಟ್ಟರು. ಅದನ್ನು ಪ್ರಮಾಣಪತ್ರದ ಜೊತೆ ಸಲ್ಲಿಸಿದೆವು. ಮುಂದಿನ ವಾಯಿದೆಗಳಲ್ಲಿ ವಿಶೇಷವೇನೂ ನಡೆಯಲಿಲ್ಲ. ಪ್ರತಿ ಬಾರಿಯೂ ಬಾಯಮ್ಮನವರು ಒಂದು ದಿನದ ಕೆಲಸ ಬಿಟ್ಟು ಬಸ್ಸು ಹತ್ತಿ ಹೋಗಿಬಂದರು. ಹೋಗಲೇಬೇಕೆಂದಿಲ್ಲ ಎಂದು ವಕೀಲರು ಹೇಳಿದರೂ ಕೇಳಲಿಲ್ಲ.

2024ರ ಅಕ್ಟೋಬರಿನಲ್ಲಿ ವಿಮಾ ಕಂಪೆನಿಯ ಒಪ್ಪಿಗೆ ಪಡೆದು ವೈದ್ಯರೇ ರಾಜಿಗೆ ಮುಂದೆ ಬಂದರು. ಎರಡೂ ಬಿಲ್ಲಿನ ಹಣ, ಎರಡು ಬದಿಗೂ ಕಟ್ಟುಹಲ್ಲು ಮಾಡಿಸುವ ಖರ್ಚು, ನೋವು ಸಂಕಟಗಳಿಗೆಂದು ಒಂದು ಮೊತ್ತ, ವ್ಯಾಜ್ಯದ ವೆಚ್ಚ. ಮೊತ್ತವನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೇ ಮಾರುಕಟ್ಟೆಯ ದರವಾಗಿಬಿಡುತ್ತದೆ. ಕೇಳಿದ್ದಕ್ಕಿಂತ ಅದು ಬಹಳ ಕಡಿಮೆಯಿತ್ತು. ವಕೀಲರು ಇನ್ನಷ್ಟು ಎಳೆಯಬಹುದೆಂದರು. ಬಾಯಮ್ಮನವರು ಒಪ್ಪಲಿಲ್ಲ, ಆದರೆ ಒಂದು ಷರತ್ತು ಹಾಕಿದರು: ಯಾವ ಹಲ್ಲನ್ನು ತಪ್ಪಾಗಿ ಕಿತ್ತರೆಂಬುದನ್ನು ವೈದ್ಯರು ಬರೆದುಕೊಡಬೇಕು. ಈ ಒಂದು ಕಾಗದಕ್ಕಾಗಿ ಮತ್ತೆ ಮೂರು ವಾರ ಹಿಡಿಯಿತು. ಕೊನೆಗೆ ಉಭಯಪಕ್ಷದವರೂ ಜಂಟಿ ಮೆಮೊ ಸಲ್ಲಿಸಿ ಪ್ರಕರಣ ಮುಕ್ತಾಯವಾಯಿತು.

ಆ ಕಾಗದವನ್ನು ಹಿಡಿದುಕೊಂಡು ಬಾಯಮ್ಮನವರು ಅದೇ ಜಗಲಿಗೆ ಬಂದರು. ಕನ್ನಡಕ ತಂದಿರಲಿಲ್ಲ. ಓದಿ ಹೇಳಿ ಎಂದರು. ಇಂಗ್ಲಿಷಿನಲ್ಲಿದ್ದ ಐದು ಸಾಲುಗಳನ್ನು ಓದಿ ಅರ್ಥ ಹೇಳಿದೆವು. ಇನ್ನೊಮ್ಮೆ ಓದಿ ಎಂದರು. ಎರಡನೆಯ ಬಾರಿ ಮೂವತ್ತಾರು ಎಂಬ ಅಂಕಿ ಬಂದಾಗ ಬೆರಳನ್ನು ಎಡಗೆನ್ನೆಯ ಮೇಲಿಟ್ಟು, "ಇದಲ್ಲವಾ?" ಎಂದು ಕೇಳಿದರು. ಹೌದೆಂದೆವು. ಕಾಗದವನ್ನು ಮಡಚಿ ಎಕ್ಸ್‌ರೇ ಪಟದ ಲಕೋಟೆಯೊಳಗೆ ಸೇರಿಸಿದರು.

"ಆ ಡಾಕ್ಟರರಲ್ಲಿಗೆ ಜನ ಬರುತ್ತಾರಂತಾ ಫಾದರ್, ಈಗ?"

ಬರುತ್ತಾರೆ ಎಂದೆವು.

"ಹಾಗಾದರೆ ಸರಿ" ಎಂದು, ಸಂಜೆಯ ಅಡುಗೆಗೆ ಹೊತ್ತಾಯಿತೆಂದು ಹೇಳಿ ಮೆಟ್ಟಿಲಿಳಿದರು.